ಚೀಟಿ ಎತ್ತಿ ನೋಡುವ ವಿಜ್ಞಾನ

ಒಬ್ಬ ರೈತ ತನ್ನ ಎರಡೆಕರೆ ಹೊಲದಲ್ಲಿ ಅರ್ಧಕ್ಕೆ ಹೊಸ ಗೊಬ್ಬರ ಹಾಕಿ, ಉಳಿದರ್ಧಕ್ಕೆ ಹಳೆಯದನ್ನೇ ಹಾಕಿದ ಎಂದಿಟ್ಟುಕೊಳ್ಳಿ. ಸುಗ್ಗಿಯಲ್ಲಿ ಹೊಸ ಗೊಬ್ಬರದ ಕಡೆ ನಾಲ್ಕು ಚೀಲ ರಾಗಿ ಹೆಚ್ಚು ಬಂತು. ಇದು ಗೊಬ್ಬರದ ಗುಣವೇ? ಹೇಳಲು ಬರುವುದಿಲ್ಲ. ಆ ಕಡೆ ಹೊಲ ತಗ್ಗಿನಲ್ಲಿದ್ದು ತೇವ ಹೆಚ್ಚು ಉಳಿದಿರಬಹುದು. ಹಿಂದಿನ ಬೇಸಿಗೆಯಲ್ಲಿ ಅಲ್ಲಿ ಕುರಿ ಮಂದೆ ನಿಲ್ಲಿಸಿರಬಹುದು. ಈ ಕಡೆ ಬದುವಿನ ಮೇಲಿನ ಹೊಂಗೆಯ ನೆರಳು ಬಿದ್ದಿರಬಹುದು. ಗೊಬ್ಬರ ಮಾರುವವನು ಇದಾವುದನ್ನೂ ಕೇಳುವುದಿಲ್ಲ. ನಾಲ್ಕು ಚೀಲದ ಲೆಕ್ಕವನ್ನಷ್ಟೇ ಊರೂರಿಗೆ ಹೇಳಿಕೊಂಡು ಬರುತ್ತಾನೆ.

ಈ ತೊಡಕನ್ನು ಬಿಡಿಸಿದ್ದು ಇಂಗ್ಲೆಂಡಿನ ಹಾರ್ಪೆಂಡನ್ ಊರಿನ ಒಂದು ಗೋಧಿ ಹೊಲ. ಅಲ್ಲಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರವನ್ನು 1843ರಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಆರಂಭಿಸಿದರು. ಆ ವರ್ಷ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಬಿತ್ತಿದ ಗೋಧಿಯ ಪ್ರಯೋಗ ಇಂದಿಗೂ ನಡೆಯುತ್ತಿದೆ. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ರಾಸಾಯನಿಕ, ಮತ್ತೊಂದಕ್ಕೆ ಏನೂ ಇಲ್ಲ: ಹೀಗೆ ವರ್ಷವರ್ಷದ ಇಳುವರಿಯನ್ನು ಬರೆದಿಟ್ಟುಕೊಂಡು ಬಂದರು. ಪುಸ್ತಕಗಳು ರಾಶಿ ಬಿದ್ದವು, ಅವುಗಳಿಂದ ಏನು ತಿಳಿಯುತ್ತದೆ ಎಂಬುದು ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ. 1919ರಲ್ಲಿ ಆ ಲೆಕ್ಕ ನೋಡಲು ಬಂದವರು ರೊನಾಲ್ಡ್ ಫಿಶರ್. ಕಣ್ಣು ಮಂದ, ಕೋಪ ಹೆಚ್ಚು, ಗಣಿತದಲ್ಲಿ ಅಸಾಧ್ಯ ಬುದ್ಧಿ.

ಫಿಶರ್ ಬ್ರಾಡ್‌ಬಾಕ್‌ನ 67 ವರ್ಷಗಳ ಇಳುವರಿಯನ್ನು ಕೆದಕಿದಾಗ ವಿಚಿತ್ರವೊಂದು ಕಂಡಿತು. ಗೊಬ್ಬರಕ್ಕೂ ಮಳೆಗೂ ಹೊಂದದ ನಿಧಾನವಾದ ಏರಿಳಿತಗಳು ಹತ್ತಾರು ವರ್ಷಗಳ ಉದ್ದಕ್ಕೂ ಹರಡಿದ್ದವು. ಅವರ ಅನುಮಾನ ಹೋದದ್ದು ಕಳೆಯ ಮೇಲೆ. ಮೊದಲು ಹಳ್ಳಿಯ ಹುಡುಗರು ಕೈಯಲ್ಲೇ ಕಳೆ ಕೀಳುತ್ತಿದ್ದರು. ಕಡ್ಡಾಯ ಶಿಕ್ಷಣದ ಕಾನೂನು ಬಂದ ಮೇಲೆ ಹುಡುಗರು ಶಾಲೆಗೆ ಹೋದರು, ಕಳೆ ಹೊಲದಲ್ಲಿ ಉಳಿಯಿತು. ಗೊಬ್ಬರದ ಪ್ರಯೋಗದೊಳಗೆ ಶಾಲೆಯ ಗಂಟೆಯೂ ಬಂದು ಕೂತಿರಬಹುದು ಎಂದು ಯಾರು ಎಣಿಸಿದ್ದರು? ಇಂಥ ಕಾಣದ ಕಾರಣಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವುದು ಆಗುವ ಕೆಲಸವಲ್ಲ.

1926ರ ಒಂದು ಲೇಖನದಲ್ಲಿ ಫಿಶರ್ ಹೇಳಿದ ಉಪಾಯ ಕೇಳಲು ಹುಡುಗಾಟದಂತಿತ್ತು. ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಕತ್ತರಿಸಿ. ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ನೀವು ನಿರ್ಧರಿಸಬೇಡಿ, ಚೀಟಿ ಎತ್ತಿ. ತಗ್ಗು, ನೆರಳು, ಕುರಿ ಗೊಬ್ಬರ, ಹಳೆಯ ಕಳೆ ಎಲ್ಲವೂ ಆಗ ಎರಡೂ ಪಕ್ಷಗಳಿಗೆ ಹಂಚಿಹೋಗುತ್ತವೆ. ಪೂರ್ತಿ ಸಮವಾಗಿ ಅಲ್ಲ, ನಿಜ. ಆದರೆ ಬರೀ ಚೀಟಿಯ ಆಟದಿಂದ ಎಷ್ಟು ವ್ಯತ್ಯಾಸ ಬರಬಹುದು ಎಂಬುದನ್ನು ಲೆಕ್ಕ ಹಾಕಬಹುದು. ಕಂಡ ವ್ಯತ್ಯಾಸ ಆ ಲೆಕ್ಕವನ್ನು ಬಹಳ ಮೀರಿದ್ದರೆ ಮಾತ್ರ ಗೊಬ್ಬರಕ್ಕೆ ಶ್ರೇಯಸ್ಸು. ಇದೇ ಯಾದೃಚ್ಛಿಕ ಪ್ರಯೋಗ. ಕೃಷಿ ವಿಶ್ವವಿದ್ಯಾಲಯಗಳ ಹೊಲದಲ್ಲಿ ಕೋಲಿಗೆ ಸಿಕ್ಕಿಸಿದ ಪುಟ್ಟ ಫಲಕಗಳ ಮೇಲೆ ಟಿ-1 ಆರ್-2, ಟಿ-4 ಆರ್-1 ಎಂದು ಅಡ್ಡಾದಿಡ್ಡಿಯಾಗಿ ಬರೆದಿರುತ್ತಾರಲ್ಲ, ಅದು ಅಜಾಗರೂಕತೆಯಲ್ಲ. ಆ ಅಡ್ಡಾದಿಡ್ಡಿಯನ್ನು ಬೇಕೆಂದೇ ತಂದದ್ದು.

ಫಿಶರ್‌ಗಿಂತ ಸ್ವಲ್ಪ ಮೊದಲೇ ನಮ್ಮ ದೇಶದಲ್ಲಿ ಇದರ ಒಂದು ಎಳೆ ಹುಟ್ಟಿತ್ತು. ಬಿಹಾರ–ಒರಿಸ್ಸಾದ ಐಸಿಎಸ್ ಅಧಿಕಾರಿ ಜೆ. ಎ. ಹಬ್ಬಕ್ 1920ರ ದಶಕದಲ್ಲಿ ಭತ್ತದ ಇಳುವರಿ ಅಂದಾಜು ಮಾಡಲು, ಮನಸ್ಸಿಗೆ ಬಂದ ಹೊಲ ಆರಿಸದೆ, ಯಾದೃಚ್ಛಿಕವಾಗಿ ಸಿಕ್ಕ ಸಣ್ಣ ಜಾಗಗಳಲ್ಲಿ ತೆನೆ ಕುಯ್ಯಿಸಿ ತೂಗಿಸಿದರು. ಮುಂದೆ ಕಲ್ಕತ್ತೆಯಲ್ಲಿ ಪಿ. ಸಿ. ಮಹಲನೋಬಿಸ್, ದೆಹಲಿಯಲ್ಲಿ ಪಿ. ವಿ. ಸುಖಾತ್ಮೆ ಈ ಕೆಲಸವನ್ನು ದೊಡ್ಡದಾಗಿ ಬೆಳೆಸಿದರು. ಅದರ ವಾರಸುದಾರ ಇವತ್ತಿನ ಬೆಳೆ ಕಟಾವು ಪ್ರಯೋಗ.

ಬೆಳೆ ವಿಮೆ ಮಾಡಿಸಿದ ರೈತರ ದುಡ್ಡು ಬಹುಮಟ್ಟಿಗೆ ಈ ಕಟಾವಿನ ಮೇಲೆ ನಿಂತಿದೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5. ಪರಿಹಾರ ಬರುವುದು ಸಾಮಾನ್ಯವಾಗಿ ನಿಮ್ಮ ಹೊಲದ ನಷ್ಟ ನೋಡಿ ಅಲ್ಲ. ಮುಖ್ಯ ಬೆಳೆಗಾದರೆ ಗ್ರಾಮ ಪಂಚಾಯಿತಿ ಒಂದು ಘಟಕ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಸರ್ವೆ ನಂಬರುಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಹೊಲದೊಳಗೆ ಎಷ್ಟು ಹೆಜ್ಜೆ ಹೋಗಬೇಕು ಎಂಬುದಕ್ಕೂ ಅದೃಷ್ಟದ ಸಂಖ್ಯೆಯೇ ಗತಿ. ರಾಗಿ, ಭತ್ತಕ್ಕೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಹಾಕಿ, ಹಗ್ಗ ಕಟ್ಟಿ, ಕುಯ್ದು, ಬಡಿದು ತೂಗುತ್ತಾರೆ. ಕಳೆದ ಏಳು ವರ್ಷಗಳಲ್ಲಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿಯಿಂದ ಹೊಸ್ತಿಲ ಇಳುವರಿ ಕಟ್ಟಿರುತ್ತಾರೆ. ಈ ವರ್ಷದ ತೂಕ ಅದಕ್ಕಿಂತ ಕೆಳಗಿದ್ದರೆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ, ಇಲ್ಲದಿದ್ದರೆ ಈ ಲೆಕ್ಕದಲ್ಲಿ ಯಾರಿಗೂ ಇಲ್ಲ. "ನನ್ನ ಹೊಲ ಒಣಗಿ ಹೋಯಿತು, ಒಂದು ಪೈಸೆ ಬರಲಿಲ್ಲ" ಎಂಬ ದೂರಿನ ಬೇರು ಬಹುತೇಕ ಇಲ್ಲಿದೆ. ಈ ಪದ್ಧತಿಯಲ್ಲಿ ಒಂದು ದೊಡ್ಡ ನ್ಯಾಯವಿದೆ, ಅದು ಆಯ್ಕೆಯ ಪ್ರಾಮಾಣಿಕತೆಗೆ ಕಟ್ಟುಬಿದ್ದಿದೆ. ಚೀಟಿ ಹೇಳಿದ ಗುಡ್ಡದ ಮೇಲಿನ ಹೊಲ ಬಿಟ್ಟು, ಟಾರು ರಸ್ತೆ ಪಕ್ಕದ ನೀರಾವರಿ ಹೊಲದಲ್ಲಿ ಚೌಕ ಹಾಕಿದರೆ ಇಡೀ ಪಂಚಾಯಿತಿಯ ಪರಿಹಾರ ಆ ಇಪ್ಪತ್ತೈದು ಚದರ ಮೀಟರಿನಲ್ಲಿ ಮುಳುಗಿಹೋಗುತ್ತದೆ.

ಹೊಲದಿಂದ ಆಸ್ಪತ್ರೆಗೆ ಈ ವಿಧಾನವನ್ನು ತಂದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದ ಈ ಯುವಕನಿಗೆ ಕ್ಷಯ ಹಿಡಿಯಿತು. ವೈದ್ಯನಾಗುವ ಆಸೆ ಅಲ್ಲಿಗೆ ಮುಗಿಯಿತು. ಹಾಸಿಗೆಯಲ್ಲೇ ಓದಿ ಅರ್ಥಶಾಸ್ತ್ರದ ಪದವಿ ಪಡೆದರು, ಸಂಖ್ಯಾಶಾಸ್ತ್ರಕ್ಕೆ ಹೊರಳಿದರು. ತನ್ನನ್ನು ಕಾಡಿದ ಕಾಯಿಲೆಯ ಮೇಲೆಯೇ ಅವರ ಅತಿ ದೊಡ್ಡ ಕೆಲಸ ನಡೆಯಿತು. 1943ರಲ್ಲಿ ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ, ವಾಕ್ಸ್‌ಮನ್ ಅವರ ಪ್ರಯೋಗಾಲಯದ ಆಲ್ಬರ್ಟ್ ಶಾಟ್ಸ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಬೇರ್ಪಡಿಸಿದ್ದರು. ಯುದ್ಧ ಮುಗಿದ ಬ್ರಿಟನ್ನಿನ ಬಳಿ ಡಾಲರ್ ಇರಲಿಲ್ಲ, ಔಷಧ ತರಿಸಿಕೊಂಡದ್ದು ಅತಿ ಸ್ವಲ್ಪ. ಎಲ್ಲ ರೋಗಿಗಳಿಗೂ ಕೊಡಲು ಸಾಲುವುದೇ ಇಲ್ಲ ಎಂದಾದಾಗ ಯಾರಿಗೆ ಕೊಡಬೇಕು?

ವೈದ್ಯರೇ ಆರಿಸಿದರೆ ಏನಾಗುತ್ತದೆ ಎಂದು ಹಿಲ್‌ಗೆ ಗೊತ್ತಿತ್ತು. ಬದುಕುವ ಲಕ್ಷಣವಿದ್ದವರಿಗೇ ಕೊಟ್ಟರೆ ಔಷಧ ಪವಾಡದಂತೆ ಕಾಣುತ್ತದೆ. ಕೊನೆಯ ಆಸೆಯೆಂದು ಸಾಯುವ ಹಂತದವರಿಗೆ ಕೊಟ್ಟರೆ ನಿಷ್ಪ್ರಯೋಜಕ ಎನಿಸುತ್ತದೆ. ಆದ್ದರಿಂದ ಅವರು ಯಾದೃಚ್ಛಿಕ ಸಂಖ್ಯೆಗಳಿಂದ ಪಟ್ಟಿ ಮಾಡಿ, ಒಂದೊಂದು ತೀರ್ಮಾನವನ್ನೂ ಮುಚ್ಚಿದ ಲಕೋಟೆಯಲ್ಲಿಟ್ಟರು. ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡ ಮೇಲಷ್ಟೇ ಲಕೋಟೆ ಒಡೆಯಬೇಕು. ಎದೆಯ ಎಕ್ಸ್‌ರೇ ನೋಡಿದ ಮೂವರಿಗೆ ಯಾವ ಚಿತ್ರ ಯಾವ ಗುಂಪಿನದು ಎಂದು ತಿಳಿಸಲಿಲ್ಲ. ಒಟ್ಟು 107 ರೋಗಿಗಳು. ಆರು ತಿಂಗಳಲ್ಲಿ ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ 4 ಸಾವು, ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ವರದಿ 1948ರಲ್ಲಿ ಪ್ರಕಟವಾಯಿತು. ಅದೇ ವರದಿ ಇನ್ನೊಂದು ಕಹಿ ಸತ್ಯವನ್ನೂ ಹೇಳಿತು: ಒಂದೇ ಔಷಧ ಕೊಡುತ್ತ ಹೋದರೆ ಕ್ರಿಮಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕ್ಷಯಕ್ಕೆ ಇವತ್ತು ಹಲವು ಮಾತ್ರೆ ಒಟ್ಟಿಗೆ ಕೊಡುವುದು ಈ ಕಾರಣಕ್ಕೆ.

ಭಾರತದಲ್ಲಿ ಇದರ ಮುಂದಿನ ಅಧ್ಯಾಯವನ್ನು ನಮ್ಮ ಶಾಲಾ ಪುಸ್ತಕಗಳು ಏಕೆ ಹೇಳುವುದಿಲ್ಲವೋ! 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ತೆರೆಯಿತು. ಆಗಿನ ನಂಬಿಕೆಯೆಂದರೆ ಕ್ಷಯ ಬಂದವರಿಗೆ ಸ್ಯಾನಟೋರಿಯಂ, ಹಾಲು, ಮೊಟ್ಟೆ, ಒಳ್ಳೆಯ ಗಾಳಿ ಮತ್ತು ತಿಂಗಳುಗಟ್ಟಲೆ ಹಾಸಿಗೆ. ದೇಶದ ರೋಗಿಗಳೆಷ್ಟು, ಹಾಸಿಗೆಗಳೆಷ್ಟು? ವೈದ್ಯರಾದ ವಾಲೆಸ್ ಫಾಕ್ಸ್ ಮತ್ತು ಸಂಗಡಿಗರು 193 ರೋಗಿಗಳನ್ನು ಚೀಟಿಯ ಕ್ರಮದಲ್ಲಿ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂಗೆ, ಇನ್ನೊಂದು ಪಾಲು ತಮ್ಮ ಇಕ್ಕಟ್ಟಾದ ಮನೆಗಳಿಗೆ. ಎರಡೂ ಪಾಲಿಗೆ ಅದೇ ಔಷಧಗಳು, ಐಸೊನಿಯಾಜಿಡ್ ಮತ್ತು ಪ್ಯಾಸ್, ಒಂದು ವರ್ಷ. ಮನೆಯಲ್ಲಿದ್ದವರು ಮಾತ್ರೆ ನುಂಗುತ್ತಾರೋ ಇಲ್ಲವೋ ಎಂದು ಹೇಳದೆ ಕೇಳದೆ ಹೋಗಿ ಮಾತ್ರೆ ಎಣಿಸಿದರು, ಮೂತ್ರ ಪರೀಕ್ಷೆ ಮಾಡಿದರು.

ಸ್ಯಾನಟೋರಿಯಂನವರು ಚೆನ್ನಾಗಿ ಉಂಡರು, ಮಲಗಿದರು, ಹೆಚ್ಚು ತೂಕ ಹಾಕಿಕೊಂಡರು. ಮನೆಯವರು ಅರೆಹೊಟ್ಟೆಯಲ್ಲೇ ಕೆಲಸಕ್ಕೂ ಹೋದರು. ವರ್ಷದ ಕೊನೆಗೆ ಕಫ ಪರೀಕ್ಷೆ ಮಾಡಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಫಲ. ಮನೆಯಲ್ಲಿಟ್ಟು ನೋಡಿಕೊಂಡದ್ದರಿಂದ ಹೆಂಡತಿ ಮಕ್ಕಳಿಗೆ ಹೆಚ್ಚಾಗಿ ರೋಗ ಹತ್ತಲೂ ಇಲ್ಲ. 1959ರಲ್ಲಿ ಬಂದ ಈ ವರದಿ ಶತಮಾನದ ನಂಬಿಕೆಯೊಂದನ್ನು ಕೆಳಗಿಳಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಸ್ಥಾಪನೆಯಾಯಿತು. ಆಸ್ಪತ್ರೆಯ ಹಾಸಿಗೆಯ ಬದಲು ಹಳ್ಳಿಯ ಆರೋಗ್ಯ ಕೇಂದ್ರವನ್ನು ನೆಚ್ಚಿದ ದೇಶದ ಕ್ಷಯ ಕಾರ್ಯಕ್ರಮ 1962ರಲ್ಲಿ ರೂಪುಗೊಂಡದ್ದು ಆ ಸಂಸ್ಥೆಯ ಅಧ್ಯಯನಗಳಿಂದ. ಅನುಭವವುಳ್ಳ ನೂರು ವೈದ್ಯರನ್ನು ಕೂರಿಸಿ ಅಭಿಪ್ರಾಯ ಕೇಳಿದ್ದರೆ ಸ್ಯಾನಟೋರಿಯಂ ಗೆಲ್ಲುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎಲ್ಲಕ್ಕೂ ಚೀಟಿ ಎತ್ತಲಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಅರ್ಧ ಊರಿಗೆ ಸಿಗರೇಟು ಕೊಟ್ಟು ಇಪ್ಪತ್ತು ವರ್ಷ ಕಾಯುವ ಹಾಗಿಲ್ಲ. ಹಿಲ್ ಮತ್ತು ರಿಚರ್ಡ್ ಡಾಲ್ 1950ರಲ್ಲಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ತೋರಿಸಿದ ಮೇಲೆ, ಅದು ಯಾದೃಚ್ಛಿಕ ಪ್ರಯೋಗವಲ್ಲವೆಂದು ಜಗಳಕ್ಕೆ ನಿಂತವರಲ್ಲಿ ಫಿಶರ್ ಪ್ರಮುಖರು. ಬಾಯಲ್ಲಿ ಸದಾ ಪೈಪ್ ಇದ್ದ ಅವರು ತಂಬಾಕು ಉದ್ಯಮಕ್ಕೆ ಸಲಹೆಗಾರರೂ ಆಗಿದ್ದರು. ಆ ವಿಷಯದಲ್ಲಿ ಫಿಶರ್ ತಪ್ಪು, ಹಿಲ್ ಸರಿ.

ಹಣದ ಮಾತಿಗೆ ಬಂದರೆ ಅಲ್ಲೂ ಒಬ್ಬ ಕ್ಷಯರೋಗಿ ಸಿಗುತ್ತಾನೆ. ಶಿಕಾಗೋದ ಸಿರಿವಂತ ಮನೆತನದ ಆಲ್ಫ್ರೆಡ್ ಕೌಲ್ಸ್ ಕಾಯಿಲೆ ವಾಸಿಮಾಡಿಕೊಳ್ಳಲು ಕೊಲರಾಡೊ ಸ್ಪ್ರಿಂಗ್ಸ್ ಎಂಬ ಬೆಟ್ಟದ ಊರಿಗೆ ಹೋಗಿ ಅಲ್ಲೇ ನೆಲೆಸಿದವರು. ಮನೆಯ ಹೂಡಿಕೆ ನೋಡಿಕೊಳ್ಳಲೆಂದು ಷೇರುಪೇಟೆಯ ಭವಿಷ್ಯ ಹೇಳುವ ಹಲವಾರು ಪತ್ರಿಕೆಗಳನ್ನು ತರಿಸುತ್ತಿದ್ದರು. 1929ರಲ್ಲಿ ಪೇಟೆ ಕುಸಿದಾಗ ಆ ಪಂಡಿತರಲ್ಲಿ ಹೆಚ್ಚಿನವರು ಮುನ್ಸೂಚನೆ ಕೊಟ್ಟಿರಲಿಲ್ಲ. ಕೌಲ್ಸ್ ಕೈಕಟ್ಟಿ ಕೂರಲಿಲ್ಲ, ಲೆಕ್ಕಕ್ಕೆ ಕೂತರು.

1933ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ 16 ಸಲಹಾ ಸಂಸ್ಥೆಗಳ ಸುಮಾರು 7,500 ಷೇರು ಶಿಫಾರಸುಗಳ ಹಣೆಬರಹವಿತ್ತು. ಒಟ್ಟಾರೆ ಫಲ: ಪೇಟೆಯ ಸರಾಸರಿಗಿಂತ ವರ್ಷಕ್ಕೆ ಶೇ. 1.43 ಕಡಿಮೆ. ನಿಜವಾದ ಚಮತ್ಕಾರ ಇರುವುದು 24 ಪತ್ರಿಕೆಗಳ ಭವಿಷ್ಯವಾಣಿಯ ಪರೀಕ್ಷೆಯಲ್ಲಿ. ಅವುಗಳಲ್ಲಿ ಕೆಲವು ಒಳ್ಳೆಯ ಫಲ ತೋರಿಸಿದ್ದವು. ಅದು ಜಾಣತನವೋ ಅದೃಷ್ಟವೋ? ಕೌಲ್ಸ್ ಕಾರ್ಡುಗಳನ್ನು ಕಲೆಸಿ, ಎಳೆದು, ಅವು ಹೇಳಿದಂತೆ ಕೊಂಡು ಮಾರಿದ 24 ಸುಳ್ಳು ಪಂಡಿತರನ್ನು ಕಾಗದದ ಮೇಲೆ ಸೃಷ್ಟಿಸಿದರು. ನಿಜವಾದ ಪಂಡಿತರಲ್ಲಿ ಅತಿ ಯಶಸ್ವಿಯಾದವರು ಕಾರ್ಡುಗಳ ಗೆಲುವಿಗಿಂತ ಹೆಚ್ಚೇನೂ ಸಾಧಿಸಿರಲಿಲ್ಲ. ಕೊನೆಯ ಸ್ಥಾನದಲ್ಲಿದ್ದವರು ಮಾತ್ರ ಬರೀ ದುರದೃಷ್ಟದಿಂದ ಆಗುವುದಕ್ಕಿಂತಲೂ ಕಳಪೆ!

ಇದನ್ನು ನಮ್ಮ ಮೊಬೈಲಿಗೆ ಹೊಂದಿಸಿ ನೋಡಿ. ಒಬ್ಬ ವಂಚಕ 6,400 ಜನಕ್ಕೆ ಸಂದೇಶ ಕಳಿಸುತ್ತಾನೆ: ಅರ್ಧ ಜನಕ್ಕೆ "ಈ ಷೇರು ಏರುತ್ತದೆ", ಉಳಿದರ್ಧಕ್ಕೆ "ಇಳಿಯುತ್ತದೆ". ಯಾವ ಅರ್ಧ ನಿಜವಾಯಿತೋ ಅವರನ್ನು ಮಾತ್ರ ಇಟ್ಟುಕೊಂಡು ಮುಂದಿನ ವಾರ ಮತ್ತೆ ಹಾಗೆಯೇ. ಆರು ವಾರ ಕಳೆದರೆ ನೂರು ಜನ ಉಳಿಯುತ್ತಾರೆ, ಆರಕ್ಕೆ ಆರೂ ನಿಜವಾದದ್ದನ್ನು ಕಣ್ಣಾರೆ ಕಂಡವರು. ಏಳನೆಯ ವಾರ ಶುಲ್ಕ ಕೇಳಿದರೆ ಅವರು ಕೊಡದೆ ಇರುತ್ತಾರೆಯೇ? ಮೋಸದ ಉದ್ದೇಶವೇ ಇಲ್ಲದೆಯೂ ಇದು ನಡೆಯುತ್ತದೆ. ಸಾವಿರಾರು ಮಂದಿ ವಹಿವಾಟು ಮಾಡಿದರೆ ಕೆಲವರು ಗೆಲ್ಲಲೇಬೇಕು. ಯೂಟ್ಯೂಬಿಗೆ ಬಂದು ಕೂರುವವರು ಆ ಕೆಲವರು. ಸೋತವರ ವಿಡಿಯೊ ಇರುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಎಲ್ಲರನ್ನೂ ಸೇರಿಸಿ ಎಣಿಸಿತು: ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿಗೆ ನಷ್ಟ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ಮ್ಯೂಚುವಲ್ ಫಂಡಿನ ಪಟ್ಟಿಯಲ್ಲೂ ಇದೇ ಮಾಯೆಯ ಸೌಮ್ಯ ರೂಪವಿದೆ. ಚೆನ್ನಾಗಿ ನಡೆಯದ ಯೋಜನೆಯನ್ನು ಮುಚ್ಚುತ್ತಾರೆ, ಇಲ್ಲವೇ ಇನ್ನೊಂದರಲ್ಲಿ ವಿಲೀನ ಮಾಡುತ್ತಾರೆ. ಹತ್ತು ವರ್ಷದ ಫಲಿತಾಂಶ ಹಾಕಿದಾಗ ಉಳಿದುಕೊಂಡವಷ್ಟೇ ಸಾಲಾಗಿ ನಿಂತಿರುತ್ತವೆ, ಸರಾಸರಿ ತಾನಾಗಿಯೇ ಮೇಲೇರುತ್ತದೆ. ಆದ್ದರಿಂದ ಮುಂದಿನ ಬಾರಿ ಯಾರಾದರೂ ಹೊಸ ಗೊಬ್ಬರ, ಹೊಸ ಕಷಾಯ ಅಥವಾ ಹೊಸ ಹೂಡಿಕೆಯ ಯಶಸ್ಸಿನ ಪಟ್ಟಿ ಹಿಡಿದು ಬಂದರೆ, ಮೊದಲು ಹೆಸರು ಬಿಟ್ಟುಹೋದವರ ಪಟ್ಟಿ ಕೇಳಿ. ಅದನ್ನು ಕೊಡಲು ಹಿಂಜರಿದರೆ ಹಣ ಕೊಡಬೇಡಿ.