ಕಾರ್ಟಿಸಾಲ್ ಏರಿದರೆ ಕೆಟ್ಟಿತೇ?

ಈಗ ಜಿಮ್‌ಗಳಲ್ಲೂ ರೀಲ್ಸ್‌ಗಳಲ್ಲೂ ಒಂದೇ ಎಚ್ಚರಿಕೆ: ಏದುಸಿರು ಬರುವಷ್ಟು ವ್ಯಾಯಾಮ ಮಾಡಿದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುತ್ತದೆ, ಅದರಿಂದ ಹೊಟ್ಟೆಯ ಬೊಜ್ಜು ಬೆಳೆಯುತ್ತದೆ, ಸ್ನಾಯು ಕರಗುತ್ತದೆ. ಇದರಲ್ಲಿ ಮೊದಲ ತುಂಡು ಮಾತ್ರ ಗಟ್ಟಿ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 12 ಗಂಡಸರು ಬೇರೆ ಬೇರೆ ದಿನ 30 ನಿಮಿಷ ವ್ಯಾಯಾಮ ಮಾಡಿದರು. ದೇಹದ ಗರಿಷ್ಠ ಆಮ್ಲಜನಕ ಬಳಕೆಯ ಶೇ. 60ರಷ್ಟು ಶ್ರಮಕ್ಕೆ ಕಾರ್ಟಿಸಾಲ್ ಸುಮಾರು ಶೇ. 40, ಶೇ. 80ರಷ್ಟು ಶ್ರಮಕ್ಕೆ ಸುಮಾರು ಶೇ. 83 ಏರಿತು. ಶೇ. 40ರ ಹಗುರ ಶ್ರಮದಲ್ಲಿ, ಬೆವರಿನಿಂದ ರಕ್ತ ಗಟ್ಟಿಯಾಗುವುದನ್ನೂ ದಿನದ ಸಹಜ ಏರಿಳಿತವನ್ನೂ ಲೆಕ್ಕದಿಂದ ತೆಗೆದರೆ, ಅದು ಇಳಿದೇ ಇತ್ತು. ಅಂದರೆ ಎಲ್ಲ ವ್ಯಾಯಾಮವೂ ಕಾರ್ಟಿಸಾಲನ್ನು ಏರಿಸುವುದಿಲ್ಲ. ಒಂದು ಹೊಸ್ತಿಲು ದಾಟಬೇಕು.

ದಾಟಿದರೆ ಹಾನಿಯೇ? ಓಡುವವನ ಯಕೃತ್ತಿನಿಂದ ಸಕ್ಕರೆ ಹೊರಬರಲು, ಉರಿಯೂತ ಮಿತಿಯಲ್ಲಿರಲು ಇದೇ ಹಾರ್ಮೋನ್ ನೆರವಾಗುತ್ತದೆ. ರಕ್ತದಲ್ಲಿ ಅದರ ಅರ್ಧಾಯು, ಅಂದರೆ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಒಂದರಿಂದ ಒಂದೂವರೆ ಗಂಟೆ, ಆದ್ದರಿಂದ ಏರಿದ್ದು ಇಳಿಯುತ್ತದೆ. ಸ್ನಾಯು ಕರಗುವ ಭಯಕ್ಕಂತೂ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ 2012ರ ಫಲಿತಾಂಶ ನೇರ ಉತ್ತರ: 12 ವಾರ ಭಾರ ಎತ್ತಿದ 56 ಯುವಕರಲ್ಲಿ, ವ್ಯಾಯಾಮದ ನಂತರ ಕಾರ್ಟಿಸಾಲ್ ಹೆಚ್ಚು ಏರಿದವರಲ್ಲೇ ಸ್ನಾಯು ತುಸು ಹೆಚ್ಚು ಬೆಳೆದಿತ್ತು. ನಂಟು ದುರ್ಬಲ, ಕಾರಣವೆಂದೂ ಹೇಳಲಾಗದು. ಆದರೆ ದಿಕ್ಕು ಭಯಕ್ಕೆ ತದ್ವಿರುದ್ಧ. ಅತಿಯಾದ ತರಬೇತಿ ಆಟಗಾರರನ್ನು ಕುಗ್ಗಿಸುವುದಿಲ್ಲವೇ ಎಂದು ಕೇಳಬಹುದು. ಕುಗ್ಗಿಸುತ್ತದೆ. ಆದರೆ ಅದು ತಿಂಗಳುಗಟ್ಟಲೆ ಊಟ, ನಿದ್ದೆ, ವಿಶ್ರಾಂತಿ ಸಾಲದೆ ಬರುವ ಸ್ಥಿತಿ. ಅಲ್ಲಿ ಹಲವರಲ್ಲಿ ಶ್ರಮಕ್ಕೆ ಕಾರ್ಟಿಸಾಲ್ ಏರುವ ಶಕ್ತಿಯೇ ಮಂಕಾಗಿರುತ್ತದೆ. ವಾರಕ್ಕೆ ಮೂರು ದಿನ ಬೆವರು ಹರಿಸುವವರನ್ನು ಆ ಸಾಲಿಗೆ ಸೇರಿಸುವುದು ಸರಿಯಲ್ಲ.

ಹೊತ್ತಿನ ವಿಷಯದಲ್ಲಿ ತಮಾಷೆಯೆಂದರೆ ಎರಡು ವಿರುದ್ಧ ಉಪದೇಶಗಳು ಜೊತೆಜೊತೆಯಾಗಿ ಓಡಾಡುತ್ತಿವೆ: ಬೆಳಿಗ್ಗೆ ಬೇಡ, ಕಾರ್ಟಿಸಾಲ್ ಆಗಲೇ ಜಾಸ್ತಿ, ರಾತ್ರಿ ಬೇಡ, ಆಗ ಏರಬಾರದು. ಕಾರ್ಟಿಸಾಲ್ ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ಶಿಖರ ಮುಟ್ಟಿ, ನಡುರಾತ್ರಿಯ ಹೊತ್ತಿಗೆ ತಳ ಸೇರುವುದು ನಿಜ. ಬೆಳಿಗ್ಗೆ 7, ಸಂಜೆ 7, ನಡುರಾತ್ರಿ 12ಕ್ಕೆ ಒಂದೇ ವ್ಯಾಯಾಮ ಮಾಡಿಸಿ ಅಳೆದ 2001ರ ಅಧ್ಯಯನದಲ್ಲಿ ಅತಿ ಎತ್ತರದ ಮಟ್ಟ ಬೆಳಗಿನದು, ಅತಿ ದೊಡ್ಡ ಜಿಗಿತ ನಡುರಾತ್ರಿಯದು. ತಳ ಕೆಳಗಿದ್ದಾಗ ಜಿಗಿತ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ನಿದ್ದೆಯ ಮಾತಿಗೆ ಬಂದರೆ, 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸ್ವಿಟ್ಜರ್ಲೆಂಡ್‌ನ 2019ರ ವಿಶ್ಲೇಷಣೆ ಸಂಜೆಯ ವ್ಯಾಯಾಮವನ್ನು ದೂರಲಿಲ್ಲ. ಮಲಗುವುದಕ್ಕೆ ಒಂದು ಗಂಟೆಯೊಳಗೆ ಮುಗಿಯುವ ಬಿರುಸಿನ ಶ್ರಮ ಮಾತ್ರ ನಿದ್ದೆ ಕೆಡಿಸಬಹುದು ಎಂದಿತು. ಕಚೇರಿ ಮುಗಿಸಿ ಏಳಕ್ಕೆ ಓಡಿ ಹನ್ನೊಂದಕ್ಕೆ ಮಲಗುವವರಿಗೆ ಇದು ಅನ್ವಯಿಸದು.

ಉಳಿದ ಆಕ್ಷೇಪ ಲ್ಯಾಬ್ ವರದಿಯದು: “ನನ್ನ ಕಾರ್ಟಿಸಾಲ್ ಜಾಸ್ತಿ ಬಂದಿದೆಯಲ್ಲ?” ಬೆಳಗಿನ ಓಟ ಮುಗಿಸಿ ಹಾಗೇ ರಕ್ತ ಕೊಟ್ಟರೆ ಜಾಸ್ತಿ ಬಂದೀತು. ಕಾರ್ಟಿಸಾಲ್ ನಿಜಕ್ಕೂ ಮಿತಿಮೀರುವ ಕುಶಿಂಗ್ ಸಿಂಡ್ರೋಮ್‌ನ ಅನುಮಾನ ಬಂದಾಗ ವೈದ್ಯರು ಬೆಳಗಿನ ಒಂದು ಸಂಖ್ಯೆಯನ್ನು ನಂಬುವುದಿಲ್ಲ. ತಡರಾತ್ರಿಯ ಎಂಜಲು, 24 ಗಂಟೆಯ ಮೂತ್ರ, ಇಲ್ಲವೇ ಕಾರ್ಟಿಸಾಲನ್ನು ತಗ್ಗಿಸಬೇಕಾದ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟ ಮರುದಿನದ ರಕ್ತವನ್ನು ಪರೀಕ್ಷಿಸುತ್ತಾರೆ. ಅವರು ಹುಡುಕುವುದು ಇಳಿಯಬೇಕಾದ ಹೊತ್ತಿನಲ್ಲೂ ಇಳಿಯದ ಕಾರ್ಟಿಸಾಲನ್ನು.