ಗ್ರೀಸ್‌ಗೂ ನೂರು, ಇಥಿಯೋಪಿಯಕ್ಕೂ ನೂರು

1924ರಲ್ಲಿ ಅಮೆರಿಕ ಸರ್ಕಾರ ಹೊಸ ವಲಸೆ ಕಾನೂನಿನಡಿ ಒಂದು ಪಟ್ಟಿ ಹೊರಡಿಸಿತು. ಯಾವ ದೇಶದವರು ವರ್ಷಕ್ಕೆ ಎಷ್ಟು ಮಂದಿ ಬಂದು ನೆಲೆಸಬಹುದು ಎಂಬ ಲೆಕ್ಕ ಅದರಲ್ಲಿತ್ತು. ಜರ್ಮನಿಗೆ 51,227. ಬ್ರಿಟನ್ ಮತ್ತು ಉತ್ತರ ಐರ್ಲೆಂಡಿಗೆ 34,007. ಅದೇ ಪಟ್ಟಿಯಲ್ಲಿ ಇಥಿಯೋಪಿಯಕ್ಕೆ 100, ಗ್ರೀಸ್‌ಗೂ 100. ನೂರು ಎಂದರೆ ಕನಿಷ್ಠ, ಅದಕ್ಕಿಂತ ಕಡಿಮೆ ಯಾರಿಗೂ ಇರಲಿಲ್ಲ. ಸಾಕ್ರಟಿಸ್, ಪ್ಲೇಟೊ ಎಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದೇಶಕ್ಕೆ ಅವರ ಊರಿನ ಕೂಲಿಯವನು ಮಾತ್ರ ಬೇಡವಾಗಿದ್ದ. ಭಾರತದ ಹೆಸರಿನ ಮುಂದೆಯೂ ನೂರೇ ಇತ್ತು. ಆದರೆ ಅದು ಭಾರತೀಯರಿಗೆ ದಕ್ಕುವಂತಿರಲಿಲ್ಲ. ಹಿಂದಿನ ವರ್ಷವಷ್ಟೇ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ‘ಬಿಳಿಯರಲ್ಲ’, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. ಪೌರತ್ವಕ್ಕೆ ಅರ್ಹತೆ ಇಲ್ಲದವರಿಗೆ ಹೊಸ ಕಾನೂನಿನಲ್ಲಿ ಪ್ರವೇಶವೂ ಇಲ್ಲ.

ಇಂದು ಅಮೆರಿಕದ ಜನಗಣತಿಯಲ್ಲಿ ಗ್ರೀಕ್ ಮೂಲದವರೆಂದು ಹೇಳಿಕೊಳ್ಳುವವರು ಹನ್ನೆರಡು ಲಕ್ಷದ ಆಸುಪಾಸು ಇದ್ದಾರೆ. ಅವರ ಮನೆಗಳ ವರಮಾನ ದೇಶದ ಮಟ್ಟಕ್ಕಿಂತ ಮೇಲಿದೆ. ಇಥಿಯೋಪಿಯನ್ನರ ಬಗ್ಗೆ ವಾಷಿಂಗ್ಟನ್ನಿನ ಮೈಗ್ರೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್ 2014ರಲ್ಲಿ ಒಂದು ವರದಿ ತಂದಿತು. ಅದರ ಪ್ರಕಾರ ವಲಸಿಗರು, ಅವರ ಮಕ್ಕಳು ಸೇರಿ ಸುಮಾರು ಎರಡೂವರೆ ಲಕ್ಷ ಜನ. ಎಲ್ಲ ಮನೆಗಳನ್ನೂ ವರಮಾನದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಇಥಿಯೋಪಿಯನ್ ಮನೆಗೆ ವರ್ಷಕ್ಕೆ 36,000 ಡಾಲರ್, ಇಡೀ ಅಮೆರಿಕದ ಸಾಲಿನಲ್ಲಿ ನಡುವಿನ ಮನೆಗೆ 50,000 ಡಾಲರ್. ಇಂಥ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ಗ್ರೀಕರು ದುಡಿದು ಮೇಲೆ ಬಂದರು, ಇವರಿಗೇನಾಗಿದೆ’ ಎಂದು ಕೇಳುವವರು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ. ಈ ಲೆಕ್ಕದಲ್ಲಿ ಒಂದು ಕಡೆ ಇರುವವರು ಬಹುಪಾಲು ವಲಸಿಗರ ಮೊಮ್ಮಕ್ಕಳು, ಮರಿಮಕ್ಕಳು. ಇನ್ನೊಂದು ಕಡೆ ಇರುವವರು ವಿಮಾನದಿಂದ ಇಳಿದವರು ಮತ್ತು ಅವರ ಮಕ್ಕಳು. ಹೋಲಿಸಬೇಕಾದರೆ 1910ರ ಗ್ರೀಕನನ್ನು 1990ರ ಇಥಿಯೋಪಿಯನ್ನನ ಪಕ್ಕ ನಿಲ್ಲಿಸಬೇಕು.

ಆ 1910ರ ಗ್ರೀಕ ಯಾರು? ಹೆಚ್ಚಿನವರು ಪೆಲೊಪೊನೀಸ್ ಕಡೆಯ ರೈತರ ಮಕ್ಕಳು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಕೀಟದ ರೋಗ ಬಿದ್ದಿದ್ದಾಗ ಗ್ರೀಸಿನ ಒಣದ್ರಾಕ್ಷಿಗೆ ಎಲ್ಲಿಲ್ಲದ ಬೇಡಿಕೆ ಬಂತು. ರೈತರು ಆಲಿವ್ ಮರ ಕಡಿದು ದ್ರಾಕ್ಷಿ ಹಾಕಿದರು. ಫ್ರಾನ್ಸಿನ ತೋಟ ಚೇತರಿಸಿಕೊಂಡಿತು, ಅಲ್ಲಿನ ಸರ್ಕಾರ ಸುಂಕ ಏರಿಸಿತು, 1893ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಒಂದೇ ಬೆಳೆ ನಂಬಿ ಕೆಟ್ಟ ಕಥೆಯನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಂದ 1924ರವರೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಬಹುತೇಕ ಎಲ್ಲರೂ ಗಂಡಸರೇ. ತಂಗಿಯ ವರದಕ್ಷಿಣೆಗೆ, ಅಪ್ಪನ ಸಾಲಕ್ಕೆ ದುಡ್ಡು ಕೂಡಿಸಿ ವಾಪಸಾಗುವುದು ಅವರ ಲೆಕ್ಕಾಚಾರ.

ಬಂದ ಮೇಲೆ ಸಿಕ್ಕಿದ್ದು ರೈಲ್ವೆ ಹಳಿ, ಗಣಿ, ಬಟ್ಟೆ ಗಿರಣಿ, ಕಸಾಯಿಖಾನೆ. ಹುಡುಗರನ್ನು ಬೂಟ್ ಪಾಲಿಶ್ ಅಂಗಡಿಗಳಲ್ಲಿ ಅವರ ಊರಿನವರೇ ಆದ ಮೇಸ್ತ್ರಿಗಳು ಬೆಳಗಿನಿಂದ ರಾತ್ರಿಯವರೆಗೆ ದುಡಿಸುತ್ತಿದ್ದರು. ಯೂಟಾದ ಗಣಿಗಳಿಗೆ ಆಳು ಒದಗಿಸುತ್ತಿದ್ದ ಲಿಯೊನಿಡಾಸ್ ಸ್ಕ್ಲಿರಿಸ್ ಎಂಬ ಗ್ರೀಕ್ ದಲ್ಲಾಳಿ ಕೆಲಸ ಕೊಡಿಸಲು ತನ್ನ ಜನರಿಂದಲೇ ಹಣ ಕೀಳುತ್ತಿದ್ದ. 1912ರಲ್ಲಿ ಬಿಂಗಮ್ ಕಣಿವೆಯ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಗ್ರೀಕರ ದೊಡ್ಡ ಬೇಡಿಕೆ ಇವನನ್ನು ಕಿತ್ತುಹಾಕಿ ಎಂಬುದೇ ಆಗಿತ್ತು. ಎರಡು ವರ್ಷದ ನಂತರ ಕೊಲರಾಡೊದ ಲಡ್ಲೊ ಎಂಬಲ್ಲಿ ಕಲ್ಲಿದ್ದಲು ಮುಷ್ಕರನಿರತರ ಡೇರೆಗಳ ಮೇಲೆ ಗುಂಡು ಹಾರಿತು. ಅಂದು ಸತ್ತವರಲ್ಲಿ ಮುಷ್ಕರದ ನಾಯಕ ಲೂಯಿ ಟಿಕಾಸ್ ಒಬ್ಬ. ಕ್ರೀಟ್ ದ್ವೀಪದಿಂದ ಬಂದ ಈತ ಹಿಂದೆ ಡೆನ್ವರಿನಲ್ಲಿ ಕಾಫಿ ಅಂಗಡಿ ನಡೆಸುತ್ತಿದ್ದ.

ಇದಕ್ಕೂ ಮುಂಚೆ, 1909ರ ಫೆಬ್ರುವರಿ 21ರಂದು, ನೆಬ್ರಾಸ್ಕದ ಸೌತ್ ಒಮಾಹಾದಲ್ಲಿ ಒಬ್ಬ ಗ್ರೀಕ್ ಪೊಲೀಸನನ್ನು ಕೊಂದ ಎಂಬ ಸಿಟ್ಟಿಗೆ ಗುಂಪು ಸೇರಿ ಇಡೀ ಗ್ರೀಕ್ ಕೇರಿಯನ್ನೇ ಸುಟ್ಟಿತು. ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟು ಓಡಿದರು. ಬಿಳಿಯರ ದ್ವೇಷ ಸಂಘಟನೆ ಕು ಕ್ಲುಕ್ಸ್ ಕ್ಲಾನ್ ಗ್ರೀಕರ ಹೋಟೆಲುಗಳಿಗೆ ಬಹಿಷ್ಕಾರ ಹಾಕತೊಡಗಿದಾಗ 1922ರಲ್ಲಿ ಅಟ್ಲಾಂಟಾದಲ್ಲಿ ಅಹೆಪಾ ಎಂಬ ಸಂಘ ಹುಟ್ಟಿತು. ಸಭೆಯ ಭಾಷೆ ಇಂಗ್ಲಿಷ್, ಗುರಿ ಒಳ್ಳೆಯ ಅಮೆರಿಕನ್ ಪ್ರಜೆಯಾಗುವುದು. ಮರುವರ್ಷವೇ ಇದಕ್ಕೆ ಸೆಡ್ಡು ಹೊಡೆದು, ಗ್ರೀಕ್ ಭಾಷೆ ಬಿಡಬಾರದು ಎನ್ನುವ ಇನ್ನೊಂದು ಸಂಘ ಬಂತು. ಅವೆರಡರಲ್ಲಿ ಹೆಚ್ಚು ಬೆಳೆದದ್ದು ಅಹೆಪಾ.

ಹೋಟೆಲಿನ ಕಥೆಯಲ್ಲಿ ಗ್ರೀಕರ ಜಾಣತನ ಕಾಣುತ್ತದೆ. ತಳ್ಳುಗಾಡಿಯ ಹಣ್ಣಿನ ವ್ಯಾಪಾರ, ಆಮೇಲೆ ಮಿಠಾಯಿ ಅಂಗಡಿ, ಆಮೇಲೆ ಊಟದ ಕೋಣೆ, ಕೊನೆಗೆ ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಡೈನರ್. ಅಲ್ಲಿ ಸಿಗುತ್ತಿದ್ದದ್ದು ಮಾತ್ರ ಗ್ರೀಕ್ ಅಡುಗೆಯಲ್ಲ, ಮೊಟ್ಟೆ, ಪ್ಯಾನ್‌ಕೇಕ್, ಹ್ಯಾಂಬರ್ಗರ್. ಗ್ರೀಕನ ಮನೆಯ ಊಟವನ್ನು ಅಂದಿನ ಅಮೆರಿಕ ಮೂಸಿಯೂ ನೋಡುತ್ತಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ನ್ಯೂಯಾರ್ಕಿನ ಬೀದಿಗಳಲ್ಲಿ ಪ್ರಸಿದ್ಧವಾದ ನೀಲಿ ಬಿಳಿ ಬಣ್ಣದ ‘ಆಂಥೊರಾ’ ಕಾಫಿ ಲೋಟ ಬಂದದ್ದು 1960ರ ದಶಕದಲ್ಲಿ. ಅದನ್ನು ವಿನ್ಯಾಸ ಮಾಡಿದವರು ಗ್ರೀಕರೂ ಅಲ್ಲ. ಜೆಕೊಸ್ಲೊವಾಕಿಯದಿಂದ ಬಂದಿದ್ದ ಲೆಸ್ಲಿ ಬಕ್ ಎಂಬ ಯಹೂದಿ, ಗ್ರೀಕ್ ಹೋಟೆಲಿನವರು ಕೊಳ್ಳಲಿ ಎಂದೇ ಗ್ರೀಕ್ ಹೂಜಿಯ ಚಿತ್ರ ಬರೆದರು. ಅಷ್ಟು ಹೊತ್ತಿಗೆ ಪೇಟೆಯ ಕಾಫಿ ಯಾರ ಕೈಯಲ್ಲಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಇಷ್ಟಾದರೂ ಹೋಟೆಲೊಂದೇ ಗ್ರೀಕರನ್ನು ಮಧ್ಯಮ ವರ್ಗಕ್ಕೆ ಏರಿಸಲಿಲ್ಲ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಜಿಐ ಕಾಯ್ದೆ ಕಾಲೇಜು ಶುಲ್ಕ ಕೊಟ್ಟಿತು, ಮನೆ ಸಾಲ ಕೊಟ್ಟಿತು. ಕಪ್ಪು ಸೈನಿಕನೂ ಅದೇ ಕಾಯ್ದೆಯ ಫಲಾನುಭವಿ. ಆದರೆ ಅವನ ಕೇರಿಯನ್ನು ಸಾಲಕ್ಕೆ ಯೋಗ್ಯವಲ್ಲವೆಂದು ನಕ್ಷೆಯಲ್ಲಿ ಕೆಂಪು ಗೆರೆ ಎಳೆದು ಗುರುತಿಸಲಾಗಿತ್ತು, ಹೊಸ ಬಡಾವಣೆಗಳಲ್ಲಿ ಅವನಿಗೆ ಮನೆ ಮಾರುತ್ತಿರಲಿಲ್ಲ. ಒಮಾಹಾದಲ್ಲಿ ಮನೆ ಸುಡಿಸಿಕೊಂಡಿದ್ದವರ ಮಕ್ಕಳು ಈ ಹೊತ್ತಿಗೆ ಗೆರೆಯ ಬಿಳಿಯ ಪಕ್ಕಕ್ಕೆ ದಾಟಿದ್ದರು. ಷಿಕಾಗೋದ ಹಳೆಯ ಗ್ರೀಕ್ ಕೇರಿಯನ್ನು 1960ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕಾಗಿ ಕೆಡವಿದಾಗ ಎಷ್ಟೋ ಕುಟುಂಬಗಳು ಊರ ಹೊರಗಿನ ಬಡಾವಣೆಗಳಿಗೆ ಹೋದವು. ಕೊಂಡ ಮನೆಗೆ ಬೆಲೆ ಏರಿತು, ಅದು ಮಕ್ಕಳಿಗೆ ಬಂತು. ಅನಾಗ್ನೊಸ್ಟೊಪೌಲೊಸ್ ಎಂಬ ಮನೆತನದ ಹೆಸರನ್ನು ಆಗ್ನ್ಯೂ ಎಂದು ಮೊಟಕುಗೊಳಿಸಿಕೊಂಡ ಬಾಲ್ಟಿಮೋರಿನ ಹೋಟೆಲ್ ಮಾಲೀಕನ ಮಗ ಸ್ಪೈರೊ 1968ರಲ್ಲಿ ದೇಶದ ಉಪಾಧ್ಯಕ್ಷನಾಗಿ ಆಯ್ಕೆಯಾದ. (ಐದು ವರ್ಷಕ್ಕೆ ತೆರಿಗೆ ವಂಚನೆಯ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟ ಎಂಬುದು ಬೇರೆ ಮಾತು. ಆ ವಿಷಯದಲ್ಲಂತೂ ಆತ ಅಪ್ಪಟ ಅಮೆರಿಕನ್ ರಾಜಕಾರಣಿಯೇ ಆಗಿದ್ದ.) ಹೆಸರನ್ನು ಮೊಟಕುಗೊಳಿಸಬಹುದು, ಇಥಿಯೋಪಿಯನ್ನರು ಮೈಬಣ್ಣವನ್ನು ಏನು ಮಾಡಬೇಕು?

ಅವರ ಕಥೆ ತಲೆಕೆಳಗಾಗಿ ಶುರುವಾಗುತ್ತದೆ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಅಮೆರಿಕಕ್ಕೆ ಬರುತ್ತಿದ್ದವರು ವಿದ್ಯಾರ್ಥಿಗಳು, ರಾಜತಾಂತ್ರಿಕರು. ಓದು ಮುಗಿಸಿ ಅಡಿಸ್ ಅಬಾಬಾಕ್ಕೆ ಮರಳಿ ಇಲಾಖೆಯ ಕುರ್ಚಿಯಲ್ಲಿ ಕೂರುವುದು ಅವರ ದಾರಿ. 1974ರ ಸೆಪ್ಟೆಂಬರಿನಲ್ಲಿ ಸೈನ್ಯಾಧಿಕಾರಿಗಳ ಕೂಟ ‘ದೆರ್ಗ್’ ಚಕ್ರವರ್ತಿಯನ್ನು ಇಳಿಸಿತು. 1977–78ರ ‘ಕೆಂಪು ಭಯೋತ್ಪಾದನೆ’ಯಲ್ಲಿ ಓದಿದ ಯುವಜನರನ್ನೇ ಹುಡುಕಿ ಕೊಂದರು. ಅಮೆರಿಕದಲ್ಲಿದ್ದವರು ಅಲ್ಲೇ ಉಳಿದರು. ಊರಲ್ಲಿದ್ದವರು ಸುಡಾನಿಗೆ ನಡೆದು, ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದು, 1980ರ ನಿರಾಶ್ರಿತರ ಕಾಯ್ದೆಯಡಿ ಬಂದರು. 1990ರ ಕಾನೂನು ವೀಸಾ ಲಾಟರಿ ತಂದ ಮೇಲೆ ಇಥಿಯೋಪಿಯದವರ ಸಂಖ್ಯೆ ಏರಿತು. ಲಾಟರಿಗೂ ಪ್ರೌಢಶಾಲೆ ಮುಗಿಸಿರಬೇಕಿತ್ತು, ಇಲ್ಲವೇ ಕಸುಬಿನ ಅನುಭವ ಇರಬೇಕಿತ್ತು.

ಅಂದರೆ, ಓದಿನ ಲೆಕ್ಕದಲ್ಲಿ ಇವರು 1910ರ ಗ್ರೀಕನಿಗಿಂತ ಎಷ್ಟೋ ಮುಂದಿದ್ದರು. ಆದರೆ ಅಡಿಸ್ ಅಬಾಬಾದ ಪದವಿಗೆ ಅಮೆರಿಕದ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಬೆಲೆ ಇರಲಿಲ್ಲ. ವಾಷಿಂಗ್ಟನ್ನಿನ ಪಾರ್ಕಿಂಗ್ ಗೂಡುಗಳಲ್ಲಿ ಚೀಟಿ ಹರಿಯುವ ಕೆಲಸ, ಟ್ಯಾಕ್ಸಿ, ಹೋಟೆಲಿನ ಹಾಸಿಗೆ ಹಾಸುವ ಕೆಲಸ, ವಿಮಾನ ನಿಲ್ದಾಣದ ಪಾಳಿ ಇವರ ಪಾಲಿಗೆ ಬಂದವು. ಗ್ರೀಕರಿಗೆ ಓದು ಬೇಡದ ಅಂಗಡಿ ಏಣಿಯಾಯಿತು. ಇವರಿಗೆ ಓದು ಇದ್ದೂ ಏಣಿಯ ಮೊದಲ ಮೆಟ್ಟಿಲೇ ಸಿಗಲಿಲ್ಲ.

ಊಟದ ವಿಷಯದಲ್ಲಿ ಮಾತ್ರ ಇವರದು ತದ್ವಿರುದ್ಧ ದಾರಿ. 1978ರಲ್ಲಿ ವಾಷಿಂಗ್ಟನ್ನಿನ ಜಾರ್ಜಿಯಾ ಅವೆನ್ಯೂನಲ್ಲಿ ‘ಮಾಮಾ ದೆಸ್ತಾ’ ಎಂಬ ಹೋಟೆಲು ತೆರೆಯಿತು. ಆಮೇಲೆ ಆಡಮ್ಸ್ ಮಾರ್ಗನ್, ಯು ಸ್ಟ್ರೀಟ್ ಕಡೆ ಸಾಲುಸಾಲು. ಎಲ್ಲ ಕಡೆಯೂ ತಮ್ಮದೇ ಇಂಜೆರಾ ರೊಟ್ಟಿ, ತಮ್ಮದೇ ವಾಟ್ ಸಾರು, ಒಂದೇ ಹರಿವಾಣದಲ್ಲಿ ಎಲ್ಲರೂ ಕೈ ಹಾಕಿ ತಿನ್ನುವುದು. ಇಂಜೆರಾಕ್ಕೆ ಬೇಕಾದ ತೆಫ್ ಧಾನ್ಯವನ್ನು ಇಡಾಹೊದಲ್ಲಿ ವೇಯ್ನ್ ಕಾರ್ಲ್‌ಸನ್ ಎಂಬ ಅಮೆರಿಕನ್ ಬೆಳೆದು ಇವರಿಗೆ ಮಾರತೊಡಗಿದರು. ಬಂಡವಾಳ? ಬ್ಯಾಂಕು ಸಾಲ ಕೊಡದಿದ್ದಾಗ ‘ಎಕುಬ್’ ಇತ್ತು. ಹತ್ತಿಪ್ಪತ್ತು ಜನ ತಿಂಗಳು ತಿಂಗಳು ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವ, ನಮ್ಮ ಓಣಿಯ ಚೀಟಿಯಂಥದ್ದೇ ವ್ಯವಸ್ಥೆ. ಸಾವಿನ ಖರ್ಚಿಗೆ ‘ಈದಿರ್’ ಎಂಬ ಬೇರೆ ಸಂಘ.

ಜನಾಂಗದ ಪ್ರಶ್ನೆ ಎರಡು ಕಡೆಯಿಂದ ಬಂತು. 1988ರ ನವೆಂಬರಿನಲ್ಲಿ ಆರೆಗಾನ್‌ನ ಪೋರ್ಟ್‌ಲೆಂಡ್‌ನಲ್ಲಿ ಮುಲುಗೆಟಾ ಸೆರಾವ್ ಎಂಬ ಇಥಿಯೋಪಿಯನ್ ಯುವಕನನ್ನು ನವನಾಜಿ ಗುಂಪಿನ ಹುಡುಗರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಹುಡುಗರನ್ನು ಪ್ರಚೋದಿಸಿದ ಟಾಮ್ ಮೆಟ್ಸ್‌ಗರ್‌ನ ಸಂಘಟನೆಯ ಮೇಲೂ ಮೊಕದ್ದಮೆ ಹೂಡಲಾಯಿತು. 1990ರಲ್ಲಿ ನ್ಯಾಯದರ್ಶಿಗಳು 1.25 ಕೋಟಿ ಡಾಲರ್ ಪರಿಹಾರ ವಿಧಿಸಿದರು. ಇನ್ನೊಂದು ಕಡೆ, 2005ರಲ್ಲಿ ಯು ಸ್ಟ್ರೀಟ್ ಪಕ್ಕದ ಒಂದು ಭಾಗಕ್ಕೆ ‘ಲಿಟಲ್ ಇಥಿಯೋಪಿಯ’ ಎಂದು ಹೆಸರಿಡಿ ಎಂದು ಇವರು ಕೇಳಿದಾಗ ವಿರೋಧಿಸಿದವರು ಕಪ್ಪು ಅಮೆರಿಕನ್ನರು. ಡ್ಯೂಕ್ ಎಲಿಂಗ್ಟನ್ ಬೆಳೆದ, ‘ಕಪ್ಪು ಬ್ರಾಡ್‌ವೇ’ ಎನಿಸಿಕೊಂಡ ಬೀದಿ ಅದು. ತಲೆಮಾರುಗಳ ಅವಮಾನ ನುಂಗಿ ಕಟ್ಟಿಕೊಂಡದ್ದಕ್ಕೆ ನಿನ್ನೆ ಬಂದವರ ಹೆಸರೇಕೆ ಎಂಬ ಅವರ ಪ್ರಶ್ನೆ ನನಗೆ ಅನ್ಯಾಯದ್ದೆನಿಸುವುದಿಲ್ಲ. ಪೊಲೀಸರ ಕಣ್ಣಿಗೆ ಇಬ್ಬರೂ ಕಪ್ಪೇ, ತಮ್ಮೊಳಗೆ ಇಬ್ಬರೂ ಬೇರೆ.

ಗ್ರೀಕರ ಪರವಾಗಿ ಕೆಲಸ ಮಾಡಿದ, ಯಾರೂ ಗಮನಿಸದ ಇನ್ನೊಂದು ಅಂಶವಿದೆ. ಮೊದಲ ಅಲೆಯಲ್ಲಿ ಬಂದ ಗ್ರೀಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವಾಪಸ್ ಹೋದರು. ಸೋತವರು, ಕಾಯಿಲೆ ಬಿದ್ದವರು, ಬೇಸತ್ತವರು ಲೆಕ್ಕದಿಂದಲೇ ಬಿಟ್ಟುಹೋದರು. ಉಳಿದವರ ಮಕ್ಕಳನ್ನು ಮಾತ್ರ ಎಣಿಸಿ ಸಮುದಾಯದ ಸಾಧನೆ ಎಂದು ಬರೆಯುತ್ತೇವೆ. ದೆರ್ಗ್ ಬಂದೂಕಿನಿಂದ ತಪ್ಪಿಸಿಕೊಂಡು ಬಂದವನಿಗೆ ಸೋತು ಮರಳುವ ಅವಕಾಶವೇ ಇರಲಿಲ್ಲ. ಅವನು ಸೋತರೂ ಅಮೆರಿಕದ ಅಂಕಿಯಲ್ಲೇ ಇರಬೇಕು.

ಸ್ವಭಾವದಲ್ಲಿ ದೊಡ್ಡ ವ್ಯತ್ಯಾಸವಿತ್ತೆಂದೂ ಅಲ್ಲ, ಜಗಳದಲ್ಲಿ ಎರಡೂ ಸಮುದಾಯ ಸರಿಸಮ. ತಾಯ್ನಾಡಿನ ರಾಜನ ಪರ, ಪ್ರಧಾನಿ ವೆನಿಜೆಲೊಸ್ ಪರ ಎಂದು ಗ್ರೀಕರು ಅಮೆರಿಕದಲ್ಲೂ ಇಗರ್ಜಿ ಒಡೆದುಕೊಂಡರು. 1931ರಲ್ಲಿ ಆರ್ಚ್‌ಬಿಷಪ್ ಅಥೆನಾಗೊರಸ್ ಬಂದು ಅದನ್ನು ಕೂಡಿಸಬೇಕಾಯಿತು. 1991ರ ನಂತರ ಇಥಿಯೋಪಿಯನ್ ಆರ್ಥೊಡಾಕ್ಸ್ ಸಭೆಯೂ ಎರಡಾಗಿ, ದೇಶಭ್ರಷ್ಟರ ಸಿನೊಡ್ (ಧರ್ಮಾಧ್ಯಕ್ಷರ ಮಂಡಳಿ) ಅಮೆರಿಕದಲ್ಲಿ ನೆಲೆಯಾಯಿತು. ರಾಜಿಯಾದದ್ದು 2018ರಲ್ಲಿ, ವಾಷಿಂಗ್ಟನ್ನಿನಲ್ಲೇ.

ಯಾರು ಮೇಲೆ ಬರುತ್ತಾರೆ ಎಂಬುದೆಲ್ಲ ಜನರ ಸ್ವಭಾವ, ಸಂಸ್ಕೃತಿ ಎನ್ನುವವರು ಅಟ್ಲಾಂಟಿಕ್ಕಿನ ಈಚೆಯೂ ನೋಡಲಿ. 1960ರ ಒಪ್ಪಂದದಂತೆ ಪಶ್ಚಿಮ ಜರ್ಮನಿಗೆ ‘ಅತಿಥಿ ಕಾರ್ಮಿಕ’ರಾಗಿ ಹೋದವರೂ ಇದೇ ಗ್ರೀಕರು. ಅಲ್ಲಿ ಕಾರ್ಖಾನೆಯ ಸಾಲಿನಲ್ಲೇ ಆಯುಸ್ಸು ಕಳೆದವರು ಬಹಳ. ಹುಟ್ಟಿದ ನೆಲದ ಆಧಾರದ ಮೇಲೆ ಪೌರತ್ವ ಕೊಡುವ ಕಾನೂನು ಜರ್ಮನಿಯಲ್ಲಿ ಜಾರಿಗೆ ಬಂದದ್ದೇ 2000ದಲ್ಲಿ. ಇಥಿಯೋಪಿಯದ 14,000ಕ್ಕೂ ಹೆಚ್ಚು ಯಹೂದಿಗಳನ್ನು ಇಸ್ರೇಲ್ 1991ರ ಮೇ ತಿಂಗಳಲ್ಲಿ 36 ಗಂಟೆಗಳೊಳಗೆ ವಿಮಾನದಲ್ಲಿ ಸಾಗಿಸಿತು. ಬಂದ ಕೂಡಲೇ ಪೌರತ್ವ ಕೊಟ್ಟಿತು, ಮನೆಗೆ ನೆರವು ಕೊಟ್ಟಿತು. ಆದರೂ ಅವರು ದಾನ ಮಾಡಿದ ರಕ್ತವನ್ನು ರಹಸ್ಯವಾಗಿ ಚೆಲ್ಲುತ್ತಿದ್ದ ಸಂಗತಿ 1996ರಲ್ಲಿ ಹೊರಬಿದ್ದು ಜನ ಬೀದಿಗಿಳಿದರು. ಅವರು ಬಹುಪಾಲು ಗೊಂಡರ್ ಸೀಮೆಯ ಹಳ್ಳಿಯವರು. ವಾಷಿಂಗ್ಟನ್ನಿನವರು ಬಹುಪಾಲು ಪೇಟೆಯ ಓದಿದವರು. ‘ಇಥಿಯೋಪಿಯನ್’ ಎಂಬ ಒಂದೇ ಹೆಸರಿನಡಿ ಇಬ್ಬರನ್ನೂ ತೂಗಲಾಗದು.

ಸೌತ್ ಒಮಾಹಾದ ಬೆಂಕಿಯಿಂದ ಆಗ್ನ್ಯೂ ಗೆಲುವಿನವರೆಗೆ 59 ವರ್ಷ. ನಿರಾಶ್ರಿತರ ಕಾಯ್ದೆ ಬಂದ 1980ಕ್ಕೆ ಅಷ್ಟನ್ನು ಕೂಡಿಸಿದರೆ 2039. ಹೋಲಿಸುವ ಹಟ ಇದ್ದವರು ಅಲ್ಲಿಯವರೆಗೆ ಕಾಯುವುದು ನ್ಯಾಯ. ಆಗಲಾದರೂ ಅಂಕಿ ಸಮವಾಗುತ್ತದೆ ಎಂದು ನಾನು ನಂಬಿಲ್ಲ. 1944ರ ಜಿಐ ಕಾಯ್ದೆಯಷ್ಟು ವ್ಯಾಪಕ ನೆರವು ಈ ಸಲ ಇಲ್ಲ, ಅಗ್ಗದ ಬಡಾವಣೆಯೂ ಇಲ್ಲ, ಟ್ಯಾಕ್ಸಿಯ ದುಡಿಮೆಯನ್ನು ಆ್ಯಪ್‌ಗಳು ಹಂಚಿಕೊಂಡಿವೆ.

ಅಮೆರಿಕದಲ್ಲಿ ಭಾರತೀಯರ ವರಮಾನ ಎಲ್ಲರಿಗಿಂತ ಮೇಲೆ ಎಂಬ ಸುದ್ದಿಯನ್ನು ನಮ್ಮವರು ಪ್ರತಿ ವರ್ಷ ಹೆಮ್ಮೆಯಿಂದ ಹಂಚುತ್ತಾರೆ. ಹಂಚಲಿ. 1965ರ ಕಾನೂನು ಬಾಗಿಲು ತೆರೆದದ್ದು ವೈದ್ಯರಿಗೆ, ಎಂಜಿನಿಯರುಗಳಿಗೆ, ಆಮೇಲೆ ಎಚ್-1ಬಿ ವೀಸಾ ಬೆಂಗಳೂರಿನ ಪದವೀಧರರನ್ನೇ ಆರಿಸಿಕೊಂಡಿತು ಎಂಬ ಸಾಲನ್ನೂ ಅದರ ಜೊತೆಗೆ ಸೇರಿಸಲಿ.