ಬೇಲೂರಿನ ಗುಡಿ ಸೀಮೆಸುಣ್ಣದ್ದಂತೆ!

‘ಜರ್ಮನ್ ಬಲ್ಲವನೊಬ್ಬ ಬೇಕು ಕಣಯ್ಯ. ಶಿಲ್ಪದ ವಿಷಯವೂ ಗೊತ್ತಿರಬೇಕು.’

2023ರ ಡಿಸೆಂಬರ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರೊಬ್ಬರು ಫೋನಿನಲ್ಲಿ ಹೀಗೆಂದಾಗ, ‘ಅದೇನ್ ಮಹಾ, ಬಿಡಿ ಸಾರ್!’ ಎಂದುಬಿಟ್ಟೆ. ಆ ಸೆಪ್ಟೆಂಬರ್‌ನಲ್ಲಷ್ಟೇ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದ್ದವು. ಸಾಕ್ಷ್ಯಚಿತ್ರ ತೆಗೆಯಲು ಜರ್ಮನಿಯಿಂದ ಮೂವರು ಬರುವವರಿದ್ದರು.

ಪಿಯುಸಿಗೇ ಕೈಮುಗಿದ ನನಗೆ ಜರ್ಮನ್ ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ ಕಂಪನಿಗಳ ಕಾಗದಪತ್ರ ಅನುವಾದಿಸುವ ಹುಡುಗನೊಬ್ಬನನ್ನು ಹಿಡಿದೆ. ಭಾಷೆ ನೀರು ಕುಡಿದಷ್ಟು ಸಲೀಸು! ಶಿಲ್ಪದ ಬಗ್ಗೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅರಸೀಕೆರೆಯಲ್ಲಿ ರೈಲಿಳಿದವನನ್ನು ಬಸ್ ಹತ್ತಿಸಿ ಬೇಲೂರಿಗೆ ಕರೆದೊಯ್ದೆ.

ಚೆನ್ನಕೇಶವನ ಗುಡಿಯ ಮುಂದೆ ಕ್ಯಾಮೆರಾ ರೆಡಿ. ಹಿರಿಯ ಗೈಡ್ ಒಬ್ಬರು ‘ಇದು ಬಳಪದ ಕಲ್ಲು’ ಎಂದರು. ನಮ್ಮ ಹುಡುಗ ಥಟ್ಟನೆ ‘ಕ್ರೈಡೆ’ ಎಂದ. ಅಂದರೆ ಸೀಮೆಸುಣ್ಣ!

1117ರ ಗುಡಿ ಸೀಮೆಸುಣ್ಣದ್ದೇ? ಇಷ್ಟು ಮಳೆಗಾಲ ಕಳೆದರೂ ಕರಗಲಿಲ್ಲವೇ? ನಿರ್ದೇಶಕರು ಕಣ್ಣರಳಿಸಿದರು. ಶೂಟಿಂಗ್ ನಿಂತಿತು. ‘ಇವನಿಗೆ ಕೂಲಿ ಇಲ್ಲ’ ಎಂದು ಮ್ಯಾನೇಜರ್ ಗುಡುಗಿದರು. ಹುಡುಗನ ಮುಖ ಸಣ್ಣಗಾಯಿತು.

ಆಗ ಗೈಡ್ ನಕ್ಕರು: ‘ಶ್ಪೆಕ್‌ಶ್ಟೈನ್ ಅನ್ನಪ್ಪ. ಶ್ಪೆಕ್ ಅಂದ್ರೆ ಕೊಬ್ಬು. ಕೆತ್ತೋವಾಗ ಮೆತ್ತಗೆ, ಗಾಳಿ ತಾಗ್ತಾ ಗಟ್ಟಿ.’ ವರ್ಷಗಟ್ಟಲೆ ಪ್ರವಾಸಿಗರ ಬಾಯಿಂದ ಹೆಕ್ಕಿದ ಮಾತು! ವ್ಯಾಕರಣ ಬಾರದು, ಆದರೆ ಕಲ್ಲು ಗೊತ್ತು.

ಮಧ್ಯಾಹ್ನ ಹಳೇಬೀಡಿನಲ್ಲಿ ಇಬ್ಬರನ್ನೂ ಮರದ ಕೆಳಗೆ ಕೂರಿಸಿದೆ. ಮದನಿಕೆ, ಭುವನೇಶ್ವರಿ, ಜಗತಿ... ಒಂದೊಂದನ್ನೂ ಗೈಡ್ ಬೆರಳಿಟ್ಟು ತೋರಿಸಿದರು, ಹುಡುಗ ಬರೆದುಕೊಂಡ. ಸಂಜೆಯ ಶೂಟಿಂಗ್ ಒಂದೇ ಟೇಕ್‌ನಲ್ಲಿ ಓಕೆ! ಹುಡುಗನಿಗೆ ಪೂರ್ತಿ ಕೂಲಿ ಸಿಕ್ಕಿತು. ನನ್ನ ಕಮಿಷನ್ ಗೈಡ್‌ಗೆ ಹೋಯಿತು. ಹೋಗಲೇಬೇಕಿತ್ತು, ತಪ್ಪು ನನ್ನದೇ.

1964ರ ‘ಅಮರಶಿಲ್ಪಿ ಜಕಣಾಚಾರಿ’ಯಲ್ಲಿ ಕಲ್ಯಾಣ್‌ಕುಮಾರ್ ಉಳಿ ಹಿಡಿದದ್ದನ್ನು ನೋಡಿದ ಮಾತ್ರಕ್ಕೆ ನಾವು ಶಿಲ್ಪಿಗಳಾದೆವೇ? ಜರ್ಮನಿಯ ಕಿಟೆಲ್ ಕೂಡ ಇಲ್ಲಿನ ಪಂಡಿತರ ನೆರವು ಪಡೆದೇ 1894ರ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ್ದು.

ಅನುವಾದಕನನ್ನು ಹುಡುಕುವವರಿಗೆ ನನ್ನ ಮಾತು ಇಷ್ಟೇ: ಸರ್ಟಿಫಿಕೇಟಿನ ಜೊತೆಗೆ ಆ ಕಸುಬಿನ ಹತ್ತು ಪದಗಳನ್ನೂ ಕೇಳಿ. ಎರಡೂ ಬಲ್ಲವನು ಸಿಗದಿದ್ದರೆ ಇಬ್ಬರನ್ನು ಜೋಡಿಸಿ, ಇಬ್ಬರಿಗೂ ಕೂಲಿ ಕೊಡಿ. ಭಾಷೆ ಕಲಿಯುತ್ತಿರುವ ಗೆಳೆಯರೇ, ಒಂದು ಕಸುಬನ್ನೂ ಕಲಿತಿಡಿ. ಕರೆ ಯಾವಾಗ ಬರುತ್ತೋ, ಯಾರಿಗೆ ಗೊತ್ತು!